ಆರು ತಿಂಗಳ ಮನೆಗಳ ಅಂಜಿನಪ್ಪ

ಇವತ್ತು ಬೆಳಿಗ್ಗೆ ನಾನು ಹಿತ್ತಿಲ ಬಾಗಿಲು ತೆಗೆಯುವ ಹೊತ್ತಿಗೆ ನರಸಮ್ಮನ ಸ್ನಾನ ಆಗಿಹೋಗಿತ್ತು. ಒದ್ದೆ ಕೂದಲನ್ನು ತುದಿಗೆ ಗಂಟು ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾನು ಇಷ್ಟು ದಿನ ಇದ್ದ ಹಿತ್ತಿಲ ರೂಮಿನ ನೆಲವನ್ನು ಸಗಣಿಯಲ್ಲಿ ಸಾರಿಸುತ್ತಿದ್ದಳು. ಬಿಟ್ಟು ಹೋಗುವ ಜಾಗಕ್ಕೆ ಇಷ್ಟೊಂದು ಉಪಚಾರ ಯಾಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಎಂದಿನಂತೆ ಬಾಗಿಲಿಗೆ ನೀರು ಹಾಕಿದೆ, ನಾಲ್ಕೆಳೆ ರಂಗೋಲಿ ಬಿಟ್ಟೆ, ಹಾಲು ಕಾಯಲಿಟ್ಟೆ. ನಲ್ಲಿ ನೀರು ಬರುವ ದಿನವಾದ್ದರಿಂದ ಬಿಂದಿಗೆಗಳನ್ನು ತೊಳೆದು ಸಾಲಾಗಿ ಇಟ್ಟೆ. ನಮ್ಮ ಯಜಮಾನರು ಪಾತ್ರೆ ಅಂಗಡಿಯ ಬೀಗದ ಕೈ ಹುಡುಕುತ್ತಾ ಒಳಗೂ ಹೊರಗೂ ಓಡಾಡಿದರು. ಅದು ದಿನವೂ ಇರುವಂತೆ ಟಿ.ವಿ.ಯ ಮೇಲೇ ಇತ್ತು.

"ಅಮ್ಮಾ, ಸಗಣಿ ನೀರು ಉಳ್ದೈತೆ. ನಿಮ್ಮ ತುಳಸಿಕಟ್ಟೆ ಸುತ್ತಾನೂ ಸಾರ್ಸಿಬುಡ್ಲಾ?" ಎಂದು ನರಸಮ್ಮ ಅಲ್ಲಿಂದಲೇ ಕೇಳಿದಳು.

"ಬೇಡ, ಬಾ, ಮೊದಲು ಕಾಫಿ ಕುಡಿ."

"ಇವತ್ತು ನಮ್ಮನೇಲೇ ಕುಡೀತೀನಿ ಬುಡಮ್ಮ. ಹೆಂಗೂ ಹಾಲು ಉಕ್ಕುಸ್ತೀವಲ್ಲ."

ಇವತ್ತು ನರಸಮ್ಮನ ಮನೆಯ ಬಾಗಿಲಿಂದ ಮುಳ್ಳು ತೆಗೆಯುವ ದಿನ. ಅವಳ ಗಂಡ ಅಂಜಿನಪ್ಪ ತೀರಿಕೊಂಡು ಆರು ತಿಂಗಳಾಯಿತು. ಹೋದ ಗಳಿಗೆಯ ನಕ್ಷತ್ರ ಒಳ್ಳೆಯದಲ್ಲವೆಂದು, ನಮ್ಮ ಕಡೆಯ ಪದ್ಧತಿಯಂತೆ ಮನೆ ಬಿಟ್ಟು, ಬಾಗಿಲಿಗೆ ಜಾಲಿಮುಳ್ಳು ಅಡ್ಡ ಹಾಕಿ ಬಂದಿದ್ದರು. ಅವಳಿಗೆ ಮಕ್ಕಳಿಲ್ಲ. ಇದ್ದದ್ದು ಒಂದೇ ಆಸೆ, ಆ ಮನೆಗೆ ವಾಪಸು ಹೋಗಬೇಕು. ಆದರೆ ಅದು ಗಂಡ ಕೈಯಾರೆ ಮೆತ್ತಿದ ಮಣ್ಣಿನ ಮನೆ, ಈ ಸಲವೋ ಮಳೆ ಬಿಡದೆ ಹೊಡೆದಿತ್ತು. ಒಳಗೆ ಗೋಡೆಗಳು ನಿಂತಿವೆಯೋ ಇಲ್ಲವೋ ನೋಡಿದವರಿಲ್ಲ.

ಅಂಜಿನಪ್ಪನನ್ನು ನಾನು ಮೊದಲು ನೋಡಿದ್ದು ನಮ್ಮ ಮನೆಯ ಮಾಡಿನ ಮೇಲೆ. ಮಾವನವರ ಕಾಲದ ಹೆಂಚಿನ ಮನೆಯನ್ನು ಕೆಡವಿ ಆರ್‌ಸಿಸಿ ಹಾಕಿಸಲು ಯಜಮಾನರು ಅವನನ್ನು ಕರೆಸಿದ್ದರು. ನಾನು ಹೊರಗೆ ಬಂದು ನೋಡುತ್ತೇನೆ, ಈ ಮನುಷ್ಯ ಮಾಡಿನ ನೆತ್ತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಧುಗಿರಿ ಬೆಟ್ಟದ ಕಡೆ ಮುಖ ಮಾಡಿ ಮುದ್ದೆ ಉಣ್ಣುತ್ತಿದ್ದಾನೆ!

"ಇದೇನಪ್ಪ, ಅಲ್ಲೇ ಊಟಕ್ಕೆ ಕೂತೆ?"

"ಈ ಮಾಡಿನ ಮ್ಯಾಲೆ ಯಾವನಾದ್ರೂ ಕೂರೋದು ಇದೇ ಕೊನೆ ಕಣಮ್ಮ. ನಾಳೆಯಿಂದ ಇಲ್ಲಿ ಬರೇ ಗಾಳಿ. ಒಂದು ತುತ್ತು ಉಂಡು ಕಳುಸ್ದ್ರೆ ಅದುಕ್ಕೂ ಸಮಾಧಾನ."

ಸಣಕಲು ಮನುಷ್ಯ. ಕಿವಿಯ ಸಂದಿಯಲ್ಲಿ ಒಂದು ಬಳಪದ ತುಂಡು. ಅಂಗಿಯ ಗುಂಡಿಗಳು ಒಂದೊಂದು ಒಂದೊಂದು ಬಣ್ಣ, ಅದರಲ್ಲಿ ಒಂದು ಹೆಣ್ಣುಮಕ್ಕಳ ಸ್ವೆಟರಿನ ಹೂವಿನ ಗುಂಡಿ. ಮಾತಾಡುವಾಗ ಕೈ ಸುಮ್ಮನೆ ಇರುತ್ತಿರಲಿಲ್ಲ. ಹಳೆಯ ಮರದಿಂದ ಕಿತ್ತ ಸೊಟ್ಟ ಮೊಳೆಯೊಂದನ್ನು ಜೇಬಿಂದ ತೆಗೆದು, ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿಂದ ಟಿಕ್ ಟಿಕ್ ಎಂದು ಕುಟ್ಟಿ ನೆಟ್ಟಗೆ ಮಾಡುತ್ತಲೇ ಊರ ಸುದ್ದಿಯೆಲ್ಲ ಹೇಳುತ್ತಿದ್ದ. ಅವನು ಮನೆಗಳನ್ನು ಕೆಡವುತ್ತಿರಲಿಲ್ಲ, ಬಿಚ್ಚುತ್ತಿದ್ದ. ಹೆಂಚು, ತೊಲೆ, ಕಿಟಕಿ, ಗೂಟ, ಕೊನೆಗೆ ಗೋಡೆಯ ಮಣ್ಣು ಕೂಡ ಬೇರೆ ಬೇರೆ ರಾಶಿಯಾಗಿ ಅಂಗಳದಲ್ಲಿ ಬೀಳುತ್ತಿತ್ತು. "ಒಂದು ಸಲ ಗೋಡೆಯಾದ ಮಣ್ಣಿಗೆ ಗೋಡೆ ಆಗೋದು ಗೊತ್ತಿರ್ತದೆ, ಹೊಸ ಮಣ್ಣಿಗೆ ಕಲಿಸ್ಬೇಕು" ಎನ್ನುವುದು ಅವನ ವಾದ. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು ಎಂದು ಯಾರೋ ಹೇಳಿದ್ದರಿಂದ ನನ್ನನ್ನು ಕೊನೆಯತನಕ "ಕಾನ್ವೆಂಟಮ್ಮ" ಎಂದೇ ಕರೆದ.

ಹಾಗೆ ಬಿಚ್ಚಿದ ಸಾಮಾನಿನಲ್ಲೇ ನಮ್ಮ ಹಿತ್ತಿಲಲ್ಲಿ ನನಗೊಂದು ಪುಟ್ಟ ರೂಮು ಕಟ್ಟಿಕೊಟ್ಟ. ಅತ್ತೆಯವರ ಅಡುಗೆಮನೆಯ ಮರದ ಸರಳಿನ ಕಿಟಕಿ, ಮೂಲೆಗಳಿಗೆ ನೀರು ಬರದ ಯಾವುದೋ ಬೋರ್‌ವೆಲ್ಲಿನ ಕೇಸಿಂಗ್ ಪೈಪು, ಗೋಡೆಗೆ ಕಡಲೆಕಾಯಿ ಹೊಟ್ಟು ಕಲಸಿದ ಮಣ್ಣು. ಹೆಂಚಿನ ಕೆಳಗೆ ಕಣ್ಣಿಗೆ ಕಾಣುವಂತೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಹೊಂದಿಸಿದ್ದ. ಮಲಗಿ ಮೇಲೆ ನೋಡಿದರೆ ಆ ಸುರುಳಿಗಳಲ್ಲಿ ಇನ್ನೂ ಒಂದೆರಡು ರೇಷ್ಮೆ ಎಳೆ ಅಂಟಿಕೊಂಡಿದ್ದವು. ಯಾವ ಗೋಡೆಯೂ ನೆಟ್ಟಗಿರಲಿಲ್ಲ. ಬಾಗಿಲು ಎಷ್ಟು ಗಿಡ್ಡವೆಂದರೆ ನಮ್ಮ ಯಜಮಾನರು ಮೊದಲ ದಿನವೇ ಹಣೆ ಊದಿಸಿಕೊಂಡರು.

"ಏನಯ್ಯ ಅಂಜಿನಪ್ಪ, ನಾನು ಎಷ್ಟು ಉದ್ದ ಇದ್ದೀನಿ ಅಂತ ನೋಡಿರಲಿಲ್ವಾ?"

"ನೋಡಿದ್ದೆ ಕಣ್ರಪ್ಪ. ನಿಮಗಿಂತ ಮುಂಚೆ ಬಾಗಿಲು ನೋಡ್ಬುಟ್ಟಿದ್ದೆ. ಬಾಗಿಲನ್ನ ಎಳ್ದು ಉದ್ದ ಮಾಡಕ್ಕಾಗಲ್ಲ, ನೀವಾದ್ರೆ ಬಗ್ತೀರ."

ಅವನು ಕಟ್ಟಿದ್ದೆಲ್ಲ ನಿಲ್ಲುತ್ತಿತ್ತು ಅಂತೇನೂ ಅಲ್ಲ. ಕೊರಟಗೆರೆ ಕಡೆ ಯಾರದೋ ತೋಟದಲ್ಲಿ ಅವನು ಹೊದಿಸಿದ ಸೂರು ಮೊದಲ ಗಾಳಿಗೇ ಹಾರಿ ಪಕ್ಕದವರ ರಾಗಿ ಹೊಲದಲ್ಲಿ ಕೂತಿತ್ತಂತೆ. ಎಲ್ಲಕ್ಕಿಂತ ಹೆಸರಾದದ್ದು ನಿವೃತ್ತ ಮೇಷ್ಟ್ರೊಬ್ಬರ ಬಚ್ಚಲುಮನೆ. ಗುಜರಿಗೆ ಬಂದ ಬಸ್ಸೊಂದರ ಕಿಟಕಿಗಳನ್ನು ಸಿರಾದಿಂದ ತಂದು, ಮೇಲೆತ್ತುವ ಷಟರಿನ ಸಮೇತ ಗೋಡೆಗೆ ಕೂರಿಸಿದ್ದ. "ಕೈ, ತಲೆ ಹೊರಗೆ ಚಾಚಬಾರದು" ಎಂಬ ಬರಹವೂ ಹಾಗೇ ಇತ್ತು. ಆದರೆ ಕೂರಿಸುವಾಗ ಒಳಗಿನದು ಹೊರಗೆ, ಹೊರಗಿನದು ಒಳಗೆ ಆಗಿತ್ತು. ಷಟರನ್ನು ಬೀದಿಯವರು ಎತ್ತಬಹುದಿತ್ತು, ಒಳಗಿದ್ದ ಮೇಷ್ಟ್ರು ಇಳಿಸುವಂತಿರಲಿಲ್ಲ. ಒಂದು ಭಾನುವಾರ ಬೀದಿಯ ಮಕ್ಕಳು ಎತ್ತಿಯೇಬಿಟ್ಟರು. ಮುಖದ ತುಂಬಾ ಸೋಪು ಮೆತ್ತಿಕೊಂಡಿದ್ದ ಮೇಷ್ಟ್ರು ಟವೆಲ್ಲು ಸುತ್ತಿಕೊಂಡು ಹೊರಗೆ ಬಂದು ಬೈದರೆ, ಅದೇ ಬೀದಿಯಲ್ಲಿ ಕೆಲಸದಲ್ಲಿದ್ದ ಅಂಜಿನಪ್ಪ ಗಂಭೀರವಾಗಿ, "ಕಂಡಕ್ಟ್ರು ಒಬ್ಬ ಇಲ್ಲ ನೋಡಿ ಮೇಷ್ಟ್ರೇ, ಇದ್ದಿದ್ರೆ ಎತ್ತಾಕೆ ಬುಡ್ತಿದ್ನಾ?" ಅಂದನಂತೆ. ಮರುದಿನ ಬಂದು ತಿರುಗಿಸಿ ಹಾಕಿಕೊಟ್ಟ. ಆ ಕತೆಯನ್ನು ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ.

ಆದರೆ ಒಂದು ವಿಷಯದಲ್ಲಿ ಅವನ ಹತ್ತಿರ ತಮಾಷೆ ನಡೆಯುತ್ತಿರಲಿಲ್ಲ. ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಯಾರಾದರೂ ಮನೆಯೊಳಗೆ ತೀರಿಕೊಂಡರೆ ಆರು ತಿಂಗಳು ಆ ಮನೆ ಬಿಡಬೇಕು. ಹಾಗೆ ಬಿಟ್ಟವರು ಎಲ್ಲಿಗೆ ಹೋಗಬೇಕು? ನೆಂಟರು ಒಂದು ವಾರ ಇಟ್ಟುಕೊಂಡಾರು. ಅಂಥವರಿಗೆ ಅವರದೇ ಹೊಲದಲ್ಲೋ ಕಣದಲ್ಲೋ ಅಂಜಿನಪ್ಪ ಮನೆ ಕಟ್ಟಿಕೊಡುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು "ಆರ್ತಿಂಗಳ ಮನೆ." ಕಲ್ಲು ಚಪ್ಪಡಿ ನಿಲ್ಲಿಸಿ, ಕತ್ತಾಳೆ ನಾರಿನಲ್ಲಿ ಬಿಗಿದು, ಒಲೆ, ದೀಪದ ಗೂಡು, ಮುದುಕರಿಗೆ ಒರಗಲು ಒಂದು ಜಗುಲಿ. ಮುಳ್ಳು ತೆಗೆದ ದಿನವೇ ಬಂದು ಎಲ್ಲ ಬಿಚ್ಚಿ ಗಾಡಿಗೆ ಹೇರುತ್ತಿದ್ದ. ಒಂದು ದಿನವೂ ಹೆಚ್ಚಿಗೆ ಬಿಡುತ್ತಿರಲಿಲ್ಲ. "ದುಃಖದಾಗೆ ಕಟ್ಟಿದ ಮನೇಲಿ ಸುಖಕ್ಕೆ ಕೂರಬಾರ್ದು" ಎನ್ನುತ್ತಿದ್ದ. ಹೀಗಾಗಿ ಅದೇ ನೀಲಿ ಬಣ್ಣದ ಬಾಗಿಲು ಒಂದು ವರ್ಷ ದೊಡ್ಡೇರಿ ಕಡೆ ಇದ್ದರೆ ಇನ್ನೊಂದು ವರ್ಷ ಪಾವಗಡದ ದಾರಿಯ ಯಾವುದೋ ಹೊಲದಲ್ಲಿ ಕಾಣುತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ಆ ಬಾಗಿಲು ಕಂಡರೆ, ಇಲ್ಲಿ ಯಾರೋ ಹೋಗಿದ್ದಾರೆ ಎಂದು ನನಗೆ ತಿಳಿಯುತ್ತಿತ್ತು.

ಒಮ್ಮೆ ಅಂಥ ಒಂದು ಮನೆಯವರು ನಮ್ಮ ಹಿತ್ತಿಲಿಗೇ ಅವನನ್ನು ಹುಡುಕಿಕೊಂಡು ಬಂದಿದ್ದರು. ಬಿತ್ತನೆಗಿಟ್ಟ ಕಡಲೆಕಾಯಿ ಮುಚ್ಚಿದ ಮನೆಯೊಳಗೇ ಉಳಿದಿತ್ತು, ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು.

"ಬಾಗಿಲು ಬ್ಯಾಡ ಕಣಣ್ಣ, ಹಿಂದ್ಗಡೆ ಕಿಟಕಿ ಬಿಚ್ಕೊಡು ಸಾಕು. ಚೀಲ ಎಳ್ಕೊಂಡು ಮತ್ತೆ ಕೂರಿಸ್ಬುಡು. ಯಾರ್ಗ್ ಗೊತ್ತಾಗ್ತದೆ?"

ಅಂಜಿನಪ್ಪ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. "ಮುಳ್ಳು ಹಾಕಿರೋದು ಬಾಗಿಲಿಗಲ್ಲ ಕಣಪ್ಪ, ಮನೆಗೆ. ನಿಮ್ಮವ್ವ ಇನ್ನೂ ಒಳಗೈತೆ, ನಿಧಾನವಾಗಿ ಹೊರಡ್ತಾ ಐತೆ. ಕಿಟಕಿ ಕಿತ್ರೆ ಅದ್ಕೆ ಗಾಬರಿ ಆಗಲ್ವಾ? ಮುಳ್ಳು ತೆಗೆಯೋಗಂಟ ಒಂದು ಕಡ್ಡಿನೂ ಮುಟ್ಟಬ್ಯಾಡಿ. ನಡೀರಿ, ಬಿತ್ತನೆ ಬೀಜ ನಮ್ಮನೆಯಿಂದ ಕೊಡ್ತೀನಿ."

ಕೊಟ್ಟ ಕೂಡ. ಆ ವರ್ಷ ಅವನ ಹೊಲ ಬೀಳಾಗಿಯೇ ಉಳಿಯಿತು. ನರಸಮ್ಮ ಅವನ ಮೇಲೆ ತಿಂಗಳುಗಟ್ಟಲೆ ಸಿಟ್ಟು ಮಾಡಿಕೊಂಡಿದ್ದಳು. ಅವಳು ಪಾವಗಡದ ಆಚೆಯವಳು, ಸಿಟ್ಟು ಬಂದರೆ ತೆಲುಗು ತಾನಾಗಿ ಬರುತ್ತದೆ. "ಊರಂತಾ ಇಂಡ್ಲು, ಎಲ್ಲಾರ್ಗೂ ಮನೆ ಕಟ್ಟೋನು, ನಮ್ಮ ಹೊಟ್ಟೆ ಮಾತ್ರ ಕಟ್ಟಲ್ಲ ನೋಡಮ್ಮ" ಎಂದು ನನ್ನ ಮುಂದೆ ದೂರುತ್ತಿದ್ದಳು. ಅವನು ನಗುತ್ತಾ ಮೊಳೆ ಕುಟ್ಟುತ್ತಿದ್ದ.

ಅವನ ಸ್ವಂತ ಮನೆ ದೊಡ್ಡೇರಿ ರಸ್ತೆಯಲ್ಲಿ, ಊರು ಮುಗಿದ ಮೇಲೆ, ಒಂದು ದೊಡ್ಡ ಬಂಡೆಗೆ ಬೆನ್ನು ಕೊಟ್ಟು ನಿಂತಿತ್ತು. ಹಿಂದಿನ ಗೋಡೆ ಬಂಡೆಯೇ. ಬೇಸಿಗೆಯಲ್ಲಿ ಅದಕ್ಕೆ ಒರಗಿದರೆ ಬೆನ್ನು ತಣ್ಣಗಾಗುತ್ತಿತ್ತು. ಮಿಕ್ಕದ್ದೆಲ್ಲ ನಮ್ಮ ಹಿತ್ತಿಲ ರೂಮಿನ ಹಾಗೇ ಹೊಟ್ಟು ಕಲಸಿದ ಮಣ್ಣು, ಹೆಂಚಿನ ಕೆಳಗೆ ಅವೇ ಚಂದ್ರಿಕೆಗಳು. ಬಾಗಿಲುಗಳು ಒಂದಕ್ಕೊಂದು ಸಂಬಂಧವಿಲ್ಲದವು, ಕಿಟಕಿಗಳಿಗೆ ಸೈಕಲ್ ಚಕ್ರ. ನರಸಮ್ಮ ದಿನವೂ ಒಂದೊಂದು ಕಡೆ ಮಣ್ಣು ಮೆತ್ತುತ್ತಿದ್ದಳು, ಒಲೆ ಹೊತ್ತಿಸಿ ಹೊಗೆ ಕೊಡುತ್ತಿದ್ದಳು. ಹೊಗೆ ಇದ್ದರೆ ಗೆದ್ದಲು ಹತ್ತುವುದಿಲ್ಲ. ಆ ಮನೆ ನಿಂತಿದ್ದು ಅವಳ ಕೈಯಿಂದ ಎಂದು ಅಂಜಿನಪ್ಪನೂ ಒಪ್ಪುತ್ತಿದ್ದ. "ನಾನು ಹೆತ್ತೆ, ಸಾಕಿದ್ದು ಇವಳು" ಎನ್ನುತ್ತಿದ್ದ.

ಆರು ತಿಂಗಳ ಕೆಳಗೆ ಒಂದು ಮಧ್ಯಾಹ್ನ ಉಂಡು ಬಂಡೆಗೆ ಒರಗಿ ಕೂತವನು ಹಾಗೇ ಹೋಗಿಬಿಟ್ಟ. ನಿದ್ದೆ ಹತ್ತಿದೆ ಎಂದುಕೊಂಡು ನರಸಮ್ಮ ಪಾತ್ರೆ ಸದ್ದಾಗದ ಹಾಗೆ ಹೊರಗೆ ಕೂತು ತೊಳೆದಳಂತೆ. ಸುದ್ದಿ ತಿಳಿದು ನಾನು ಹೋಗುವಾಗ ಅವನ ಅಣ್ಣ ಹನುಮಂತರಾಯಪ್ಪ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಕನ್ನಡಕವನ್ನು ಒಂದು ಕಡೆ ಹಿಡಿದುಕೊಂಡು, ಫೋನಿನಲ್ಲಿ ಪುರೋಹಿತರ ಜೊತೆ ಮಾತಾಡುತ್ತಿದ್ದರು. "ರೇವತಿ ಸ್ವಾಮಿ. ಹೂಂ, ಇಲ್ಲೇ ಬರ್ದೈತೆ, ಇವತ್ತಿನ ಚೌಕದಾಗೆ. ರೇವತಿನೇ." ಆಮೇಲೆ ಫೋನು ಇಟ್ಟು ನಮ್ಮ ಕಡೆ ತಿರುಗಿ, "ಕೊನೇ ನಕ್ಷತ್ರಕ್ಕೆ ಸಿಕ್ಕೊಂಡವ್ನೆ. ಆರು ತಿಂಗಳು ಬುಡ್ಬೇಕಂತೆ" ಅಂದರು. ಯಾರೂ ಎದುರು ಮಾತಾಡಲಿಲ್ಲ. ಅಂಜಿನಪ್ಪನೇ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದ.

ಊರಿಗೆಲ್ಲ ಆರ್ತಿಂಗಳ ಮನೆ ಕಟ್ಟಿದವನ ಹೆಂಡತಿಗೆ ಒಂದನ್ನು ಕಟ್ಟಿಕೊಡುವವರು ಇರಲಿಲ್ಲ. ನಾನೇ ಹಿತ್ತಿಲ ರೂಮಿಗೆ ಕರೆದುಕೊಂಡು ಬಂದೆ.

ನವರಾತ್ರಿಯ ಹೊತ್ತಿಗೆ ಮಳೆ ಹಿಡಿಯಿತು. ನಮ್ಮ ಬಯಲುಸೀಮೆಯಲ್ಲಿ ಇಂಥ ಮಳೆ ಅಪರೂಪ, ಊರಿನವರೆಲ್ಲ ಕೆರೆ ತುಂಬಿತೆಂದು ನೋಡಲು ಹೋಗುತ್ತಿದ್ದರು. ನರಸಮ್ಮ ಮಾತ್ರ ಅತ್ತೆಯವರ ಕಿಟಕಿಯ ಸರಳು ಹಿಡಿದು ಆಕಾಶ ನೋಡುತ್ತಾ ನಿಲ್ಲುತ್ತಿದ್ದಳು. ಒಂದು ದಿನ ಮಳೆ ಬಿಟ್ಟಾಗ ಅವಳ ಜೊತೆ ಹೋದೆ. ರಸ್ತೆಯಿಂದಾಚೆ ಅವಳು ಕಾಲಿಡಲಿಲ್ಲ. ಅಲ್ಲಿಂದಲೇ ಕಾಣುತ್ತಿತ್ತು: ಬಂಡೆಯ ಮೇಲಿಂದ ಇಳಿದ ನೀರು ಹೆಂಚುಗಳನ್ನು ಸರಿಸಿ ಒಳಗೆ ಸುರಿಯುತ್ತಿತ್ತು. ಬರೀ ಒಂದು ಮೊಳದಷ್ಟು ಜಾಗ. ಗೋಡೆ ಇನ್ನೂ ನಿಂತಿತ್ತು.

"ನರಸಮ್ಮ, ನಾನು ಅಂಗಡಿಯ ಆಳನ್ನು ಕಳಿಸ್ತೀನಿ. ಮನೆಯೊಳಗೆ ಹೋಗೋದೇ ಬೇಡ. ಬಂಡೆ ಕಡೆಯಿಂದ ಒಂದು ಟಾರ್ಪಾಲು ಹೊದಿಸಿ ಬರಲಿ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಬ್ಯಾಡಮ್ಮ. ಊರೋರ್ಗೆಲ್ಲ ಕಡ್ಡಿ ಮುಟ್ಟಬ್ಯಾಡಿ ಅಂದೋನು. ಕಡಲೆಕಾಯಿ ಬೀಜದ ಮನೆಯೋರು ಕೇಳ್ದಾಗ ಹೆಂಗಂದ, ನೀವೂ ಇದ್ರಲ್ಲ. ಈಗ ಆಯಪ್ಪನ ಮನೆಗೇ ನಾನು ಕೈ ಹಾಕ್ಸಿದ್ರೆ ಆತ್ಮ ಗಾಬರಿ ಬೀಳ್ತದೆ. ನಿಧಾನಕ್ಕೆ ಹೊರಟು ಹೋಗ್ಲಿ. ಪೋನೀ ಬುಡಿ, ಮಣ್ಣಲ್ವಾ, ಬಿದ್ರೆ ಮೆತ್ಕೊಳ್ತೀನಿ."

ನಾವು ವಾಪಸು ಬಂದೆವು. ಆ ರಾತ್ರಿ ಮತ್ತೆ ಮಳೆ ಬಂತು. ಅವಳು ಅದಾದ ಮೇಲೆ ಆ ಕಡೆ ಹೋಗೋಣ ಅನ್ನಲಿಲ್ಲ.

ಇವತ್ತು ನಾವು ಆಟೋದಲ್ಲಿ ತಲುಪುವ ಹೊತ್ತಿಗೆ ಹನುಮಂತರಾಯಪ್ಪ, ಪುರೋಹಿತರು, ಪಕ್ಕದ ಹೊಲದವರ ಹಸು, ಕರು ಎಲ್ಲ ಬಂದು ನಿಂತಿದ್ದರು. ಮುಂದಿನ ಗೋಡೆ, ಬಾಗಿಲು ನೆಟ್ಟಗಿದ್ದವು. ನರಸಮ್ಮನ ಮುಖ ಅರಳಿದ್ದನ್ನು ನಾನು ನೋಡಿದೆ. ಬಾಗಿಲ ಮುಂದೆ ನಿಂತು ತಲೆಯ ಮೇಲಿನ ಸೆರಗನ್ನು ಸರಿ ಮಾಡಿಕೊಂಡಳು, ಗಂಡನ ಮನೆಗೆ ಮೊದಲ ಸಲ ಬರುವವಳ ಹಾಗೆ.

ಒಣಗಿದ ಮುಳ್ಳನ್ನು ಕೋಲಿಂದ ಎಳೆದು ಬದಿಗೆ ಹಾಕಿದರು. ಬಾಗಿಲು ತಳ್ಳಿದರೆ ಅರ್ಧಕ್ಕೆ ನಿಂತಿತು. ಹಿಂದೆ ಮಣ್ಣು ಬಿದ್ದಿತ್ತು. ಇಬ್ಬರು ಸೇರಿ ನೂಕಿದ ಮೇಲೆ, ಪದ್ಧತಿಯಂತೆ ಮೊದಲು ಹಸುವನ್ನು ಒಳಗೆ ಬಿಟ್ಟರು.

ಒಳಗೆ ಆಕಾಶ ಕಾಣುತ್ತಿತ್ತು. ಉತ್ತರದ ಗೋಡೆ ಪೂರ್ತಿ ಕುಸಿದು ಗುಡ್ಡೆಯಾಗಿತ್ತು, ಅದರ ಜೊತೆ ಮಾಡೂ ಕೂತಿತ್ತು. ಚಂದ್ರಿಕೆಗಳನ್ನು ಗೆದ್ದಲು ತಿಂದು ಮಣ್ಣಿನ ಗೆರೆ ಮಾತ್ರ ಉಳಿಸಿತ್ತು. ಗೋಡೆಗೆ ಕಲಸಿದ್ದ ಹೊಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಉಳಿದಿತ್ತೋ ಏನೋ, ಬಿದ್ದ ಮಣ್ಣಿನ ಮೇಲೆಲ್ಲ ಕಡಲೆಕಾಯಿ ಗಿಡ ಹುಟ್ಟಿ, ಹಳದಿ ಹೂವು ಬಿಟ್ಟು, ಅರ್ಧ ಒಣಗಿ ನಿಂತಿದ್ದವು. ಹಸು ಅಲ್ಲೇ ನಿಂತು ಅವನ್ನು ಮೇಯತೊಡಗಿತು. ಯಾರೂ ಅದನ್ನು ಎಳೆಯಲಿಲ್ಲ.

ನರಸಮ್ಮ ಗುಡ್ಡೆಯ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದಳು. ಉದುರಿಹೋಯಿತು. "ಅಂಟು ಹೋಗೈತೆ" ಅಂದಳು ಮೆಲ್ಲಗೆ. ಮೆತ್ತಿಕೊಳ್ಳುತ್ತೇನೆ ಎಂದಿದ್ದ ಮಾತು ಅಲ್ಲಿಗೆ ಮುಗಿಯಿತು.

ಪುರೋಹಿತರು ಪುಣ್ಯಾಹದ ನೀರು ಚಿಮುಕಿಸಿದರು. ಬಂಡೆಯ ಬುಡದಲ್ಲಿ ಮೂರು ಕಲ್ಲು ಹೂಡಿ ಹಾಲು ಉಕ್ಕಿಸಿದ್ದೂ ಆಯಿತು. ಅದರಲ್ಲಿ ಕಾಫಿ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಹನುಮಂತರಾಯಪ್ಪ ಕೆಮ್ಮಿ, "ಇನ್ನೊಂದು ಮಳೆಗೆ ಮುಂದ್ಲ ಗೋಡೆನೂ ಬೀಳ್ತದೆ. ಜೆಸಿಬಿ ತರ್ಸಿ ಸಮ ಮಾಡುಸ್ತೀನಿ. ನೀನು ನಮ್ಮೂರಿಗೆ ಬಂದ್ಬುಡಮ್ಮ, ಕೊಟ್ಟಿಗೆ ಪಕ್ಕದ ಕೋಣೆ ಖಾಲಿ ಐತೆ" ಅಂದರು. ಕೆಟ್ಟ ಮನುಷ್ಯರಲ್ಲ. ಅವರ ಕಣ್ಣೂ ಒದ್ದೆಯಾಗಿತ್ತು.

ನಾನು ಅವಳ ಕೈ ಹಿಡಿದುಕೊಂಡೆ. "ನಮ್ಮ ಹಿತ್ತಿಲಲ್ಲೇ ಇದ್ದುಬಿಡು. ಯಾರು ಬೇಡ ಅಂತಾರೆ?"

"ಬ್ಯಾಡ ಕಣಮ್ಮ. ಆರ್ತಿಂಗಳ ಮನೇಲಿ ಆರ್ತಿಂಗಳೇ ಇರ್ಬೇಕು. ಒಂದಿನನೂ ಜಾಸ್ತಿ ಬುಡ್ತಿರಲಿಲ್ಲ ಆಯಪ್ಪ." ಹೇಳಿ ನಗಲು ನೋಡಿದಳು. "ಅದುಕ್ಕೇ ಬೆಳಗ್ಗೇನೇ ಸಾರ್ಸಿ ಬಂದೆ."

ತನ್ನ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಭಾವನವರ ಟೆಂಪೋದ ಹಿಂದೆ ಕೂತಳು. ಗಾಡಿ ತಿರುವು ದಾಟುವವರೆಗೂ ಮನೆಯ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯ ಗಿರಿಜಕ್ಕ ಕಾಂಪೌಂಡಿನ ಮೇಲಿಂದ ಒಂದು ಬಟ್ಟಲು ಪಾಯಸ ಚಾಚಿದರು. ಮೊಮ್ಮಗಳಿಗೆ ಆರು ತಿಂಗಳು ತುಂಬಿತೆಂದು ಇವತ್ತು ಮೊದಲ ಅನ್ನ ಉಣಿಸಿದ್ದರು. ನಾನು ನರಸಮ್ಮನ ಮನೆ ಬಿದ್ದದ್ದನ್ನು ಎರಡು ಮಾತಲ್ಲಿ ಹೇಳಿದೆ.

"ಅಯ್ಯೋ ಪಾಪ. ನಮ್ಮ ಪುಟ್ಟಿ ಹುಟ್ಟಿದ ದಿನಾನೇ ಅಲ್ವೇನ್ರೀ ಆಯಪ್ಪ ಹೋಗಿದ್ದು? ಇವಳು ಬೆಳಿಗ್ಗೆ ಒಂಬತ್ತಕ್ಕೆ ಹುಟ್ಟಿದ್ಲು, ನಾನು ನಿಮಗೆ ಸಕ್ಕರೆ ಕೊಡೋಣ ಅಂತ ಮಧ್ಯಾಹ್ನ ಬಂದ್ರೆ ನೀವು ಅಳ್ತಾ ಆಟೋ ಹತ್ತುತಾ ಇದ್ರಿ." ಗಿರಿಜಕ್ಕ ನಮ್ಮ ಗೋಡೆಯ ಮೇಲೆ ಒಣಗಿದ್ದ ತಮ್ಮ ಕಾಲೊರಸನ್ನು ಕೊಡವಿ ಮಡಿಸಿಕೊಂಡರು. "ಅವತ್ತಿನ ಕ್ಯಾಲೆಂಡರ್ ನೋಡಿ ನಾವೂ ಇವಳದು 'ರೇವತಿ' ಅಂದ್ಕೊಂಡಿದ್ವಿ ನೋಡಿ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಎಷ್ಟು ಗಂಟೆ ತನಕ ಅಂತ ಇರುತ್ತಲ್ಲ, ಅದನ್ನ ಯಾರ್ರೀ ನೋಡ್ತಾರೆ? ಜಾತಕ ಬರೆಸುವಾಗ ಜೋಯಿಸರು ನೋಡಿ, ರೇವತಿ ಬೆಳಿಗ್ಗೆ ಏಳೂವರೆಗೇ ಮುಗಿದಿತ್ತು, ಆಮೇಲೆಲ್ಲ ಅಶ್ವಿನಿ ಅಂದ್ರು. ಇಲ್ದಿದ್ರೆ ರೇವತಿ ಅಂತ ಹೆಸರೇ ಇಟ್ಬಿಡ್ತಿದ್ವಿ."